ಕೊಬ್ಬಿನಿಂದ ಬಂದದ್ದೆಲ್ಲ ಸ್ಟೆಮ್ ಸೆಲ್ ಅಲ್ಲ

ಬೆಳಿಗ್ಗೆ ಲೈಪೊಸಕ್ಷನ್ (ಮೈಯ ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್) ಮಾಡಿದ ಡಾಕ್ಟರು ನಮ್ಮ ಲ್ಯಾಬಿಗೆ ಕೊಬ್ಬು ಕಳಿಸುತ್ತಾರೆ. ಮಧ್ಯಾಹ್ನ ನಾವು ಗ್ಲೌಸ್ ಬಿಚ್ಚುವ ಮೊದಲೇ ಫೋನು. "ಎಷ್ಟು ಕೋಟಿ ಸ್ಟೆಮ್ ಸೆಲ್ ಬಂತು ಮೇಡಂ?"

ಬಂದದ್ದು ಸೆಲ್. ಅದರಲ್ಲಿ ಸ್ಟೆಮ್ ಸೆಲ್, ಅಂದರೆ ತಾನೂ ಹೆಚ್ಚಿ ಬೇರೆ ಬಗೆಯ ಸೆಲ್ ಆಗಿಯೂ ಬೆಳೆಯಬಲ್ಲದ್ದು, ಎಷ್ಟು ಅನ್ನುವುದು ಆ ಹೊತ್ತಿಗೆ ನನಗೂ ಗೊತ್ತಿರುವುದಿಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು ಅಂತ ಕೂತಿದ್ದೇನೆ.

ಕೆಲಸದ ಕ್ರಮ ಬೇಗ ಹೇಳಿಬಿಡುತ್ತೇನೆ. ಬಂದ ಕೊಬ್ಬಿನಲ್ಲಿ ರಕ್ತ ಇರುತ್ತದೆ, ಆಪರೇಷನ್ನಿಗೆ ಮುಂಚೆ ತುಂಬಿಸಿದ ಅರಿವಳಿಕೆಯ ದ್ರವ ಇರುತ್ತದೆ. ಪಿಬಿಎಸ್ ಅನ್ನುವ ಉಪ್ಪುನೀರಿನಲ್ಲಿ, ಕೆಳಗಿನ ನೀರು ತಿಳಿಯಾಗುವ ತನಕ ತೊಳೆಯುತ್ತೇವೆ. ಆಮೇಲೆ ಕೊಲ್ಯಾಜಿನೇಸ್ ಎಂಜೈಮ್ ಹಾಕಿ, 37 ಡಿಗ್ರಿಯಲ್ಲಿ, ಅಲುಗಾಡಿಸುತ್ತಾ ಅರ್ಧ ಗಂಟೆಯಿಂದ ಒಂದು ಗಂಟೆ. ಸೆಲ್‌ಗಳನ್ನು ಹಿಡಿದಿಟ್ಟಿದ್ದ ನಾರು ಬಿಟ್ಟುಕೊಳ್ಳುತ್ತದೆ. ಸೀರಮ್ ಇರುವ ಮೀಡಿಯಾ (ಸೆಲ್ ಬೆಳೆಸುವ ದ್ರವ) ಸೇರಿಸಿ ಎಂಜೈಮಿನ ಕೆಲಸ ನಿಲ್ಲಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಎಣ್ಣೆಯೂ ಬಲಿತ ಕೊಬ್ಬಿನ ಸೆಲ್‌ಗಳೂ ಮೇಲೆ ತೇಲುತ್ತವೆ. ಟ್ಯೂಬಿನ ತಳದಲ್ಲಿ ಕೆಂಪಗೆ ಚೂರೇ ಚೂರು ಏನೋ ಕೂರುತ್ತದೆ. ಅದಕ್ಕೆ ಸ್ಟ್ರೋಮಲ್ ವ್ಯಾಸ್ಕುಲರ್ ಫ್ರ್ಯಾಕ್ಷನ್ ಅಂತ ಹೆಸರು. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಎಸ್‌ವಿಎಫ್.

1964ರಲ್ಲಿ ಮಾರ್ಟಿನ್ ರಾಡ್‌ಬೆಲ್ ಇಲಿಯ ಕೊಬ್ಬಿಗೆ ಇದೇ ಎಂಜೈಮ್ ಹಾಕಿದ್ದರು. ಅವರಿಗೆ ಬೇಕಾಗಿದ್ದದ್ದು ಮೇಲೆ ತೇಲುವ ಸೆಲ್. ತಳದ್ದರ ಬೆಲೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. 2001ರಲ್ಲಿ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು, ಮನುಷ್ಯರ ಕೊಬ್ಬಿನಿಂದ ತೆಗೆದ ಆ ತಳದ ಸೆಲ್‌ಗಳನ್ನು ಬೆಳೆಸಿ, ಅವು ಮೂಳೆ, ಕಾರ್ಟಿಲೇಜ್, ಕೊಬ್ಬಿನ ಕಡೆಗೆ ತಿರುಗಬಲ್ಲವು ಎಂದು ತೋರಿಸಿದರು. ಬೆಳೆಸಿ ಆಮೇಲೆ ತೋರಿಸಿದ್ದು. ಇದನ್ನೇ ಎಲ್ಲರೂ ಮರೆಯುವುದು.

ಆ ಕೆಂಪು ಚೂರಿನಲ್ಲಿ ಯಾರ್ಯಾರಿದ್ದಾರೆ? ರಕ್ತನಾಳದ ಒಳಗೋಡೆಯ ಸೆಲ್, ನಾಳಕ್ಕೆ ಅಂಟಿಕೊಂಡ ಪೆರಿಸೈಟ್, ಫೈಬ್ರೊಬ್ಲಾಸ್ಟ್, ಮ್ಯಾಕ್ರೊಫೇಜ್, ಬಿಳಿ ರಕ್ತಕಣ. ಅಮೋನಿಯಂ ಕ್ಲೋರೈಡ್ ಹಾಕಿ ಒಡೆಯದಿದ್ದರೆ ಕೆಂಪು ರಕ್ತಕಣಗಳ ದಂಡೇ ಇರುತ್ತದೆ. ಇವರೆಲ್ಲರ ನಡುವೆ ಸ್ಟೆಮ್ ಸೆಲ್. ಎಣಿಸುವ ಯಂತ್ರಕ್ಕೆ ಎಲ್ಲರೂ ಒಂದೇ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತವರನ್ನೆಲ್ಲ ಎಣಿಸಿ, ಇಷ್ಟೂ ಜನ ಹಾಸನದ ಬಸ್ಸಿಗೇ ಬಂದವರು ಅಂದ ಹಾಗಾಯಿತು ಈ ಕೋಟಿ ಲೆಕ್ಕ.

ಅಷ್ಟೇ ಅಲ್ಲ, ಯಂತ್ರ ಎಣ್ಣೆಹನಿಯನ್ನೂ ಸೆಲ್ ಅಂದುಕೊಳ್ಳುತ್ತದೆ. ಸರಿಯಾಗಿ ತೊಳೆಯದ ಸ್ಯಾಂಪಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಗುಂಡಗೆ, ಹೊಳೆಹೊಳೆವ ಹನಿಗಳು, ಚಿಕ್ಕದು ದೊಡ್ಡದು ಕಲೆತು. ಸತ್ತ ಸೆಲ್ಲಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಅವುಗಳ ಒಳಗೆ ಹೋಗುವುದಿಲ್ಲ. ಬಣ್ಣ ಹಿಡಿಯದಿದ್ದರೆ ಜೀವಂತ ಸೆಲ್ ಅಂತ ಲೆಕ್ಕ, ಅಲ್ವಾ? ತೊಳೆಯುವುದು ಕಮ್ಮಿಯಾದಷ್ಟೂ ಸಂಖ್ಯೆ ಜಾಸ್ತಿ! ಅದಕ್ಕೇ ನಾವು ನ್ಯೂಕ್ಲಿಯಸ್ಸಿಗೆ ಬಣ್ಣ ಹಿಡಿಸಿ ಎಣಿಸುತ್ತೇವೆ. ಆಗ ನ್ಯೂಕ್ಲಿಯಸ್ ಇಲ್ಲದ ಎಣ್ಣೆಹನಿ, ಕೆಂಪು ಕಣ ಎರಡೂ ಲೆಕ್ಕದಿಂದ ಹೊರಗೆ. ಸಂಖ್ಯೆ ಇಳಿಯುತ್ತದೆ, ಡಾಕ್ಟರ ಮುಖವೂ ಇಳಿಯುತ್ತದೆ.

ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗರಿಗೂ ಇದೇ ಚಟ. ಪಾಪ, ಒಳ್ಳೆಯ ಹುಡುಗರೇ. ಆದರೆ ಎಂಜೈಮಿನಲ್ಲಿ ಇನ್ನೂ ಒಂದು ಗಂಟೆ ಬಿಟ್ಟರೆ ಇನ್ನಷ್ಟು ಸೆಲ್ ಬರಬಹುದು ಅನ್ನುವ ಆಸೆ. ಬರುವುದು ಸತ್ತ ಸೆಲ್. ಒಡೆದ ಸೆಲ್‌ಗಳ ಡಿಎನ್‌ಎ ಹೊರಗೆ ಬಂದು ಲೋಳೆಯಾಗುತ್ತದೆ. ಪಿಪೆಟ್ಟಿನಲ್ಲಿ ಎಳೆದರೆ ದಾರ ಬಂದ ಹಾಗೆ ಬರುತ್ತದೆ, ಅದಕ್ಕೆ ಅಂಟಿಕೊಂಡು ಬದುಕಿರುವ ಸೆಲ್‌ಗಳೂ ಗಂಟು. ಇನ್ನೊಂದು: ಕೊಲ್ಯಾಜಿನೇಸ್ ಬ್ಯಾಕ್ಟೀರಿಯಾದಿಂದ ತೆಗೆಯುವ ವಸ್ತು, ಲಾಟಿನಿಂದ ಲಾಟಿಗೆ ಅದರ ಶಕ್ತಿ ಬೇರೆ. ಹೋದ ಸಲ ನಲವತ್ತು ನಿಮಿಷ ಸಾಕಾಗಿತ್ತು ಅಂತ ಈ ಸಲವೂ ಗಡಿಯಾರ ನೋಡಿಕೊಂಡು ಕೂರಬೇಡಿ. ಟ್ಯೂಬ್ ನೋಡಿ.

ಹಾಗಾದರೆ ಸ್ಟೆಮ್ ಸೆಲ್ ಎಷ್ಟು ಅಂತ ತಿಳಿಯುವುದು ಹೇಗೆ? ಕಾಯಬೇಕು. ಸೆಲ್‌ಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ತುಂಬ ವಿರಳವಾಗಿ ಹರಡಿ ಸುಮಾರು ಎರಡು ವಾರ ಬಿಡುತ್ತೇವೆ. ರಕ್ತಕಣಗಳು ಅಂಟುವುದಿಲ್ಲ, ಮೀಡಿಯಾ ಬದಲಿಸುವಾಗ ಹೋಗುತ್ತವೆ. ಅಂಟಿದ ಸೆಲ್ ಒಂದರಿಂದ ಎರಡು, ಎರಡರಿಂದ ನಾಲ್ಕಾಗಿ ಗುಂಪು ಕಟ್ಟುತ್ತದೆ. ಕ್ರಿಸ್ಟಲ್ ವಯೊಲೆಟ್ ಹಾಕಿದರೆ ತಟ್ಟೆಯ ಮೇಲೆ ನೇರಳೆ ಚುಕ್ಕೆಗಳು. 50ಕ್ಕಿಂತ ಜಾಸ್ತಿ ಸೆಲ್ ಇರುವ ಚುಕ್ಕೆ ಮಾತ್ರ ಲೆಕ್ಕಕ್ಕೆ, ಒಂದು ಚುಕ್ಕೆಗೆ ಒಂದು ಸ್ಟೆಮ್ ಸೆಲ್ ಅಂತ. 1000 ಸೆಲ್ ಹರಡಿದ್ದಕ್ಕೆ 30 ಚುಕ್ಕೆ ಬಂತು ಅಂದುಕೊಳ್ಳಿ. ನೂರಕ್ಕೆ 3. ಯಂತ್ರ 2 ಕೋಟಿ ಅಂದಿದ್ದರೆ ಲೆಕ್ಕ ಬರುವುದು 6 ಲಕ್ಷ. ಅದೂ ಅಂದಾಜು. ಕೊಬ್ಬು ಯಾರದು, ಮೈಯ ಯಾವ ಭಾಗದ್ದು, ಹೇಗೆ ತೆಗೆದದ್ದು ಅನ್ನುವುದರ ಮೇಲೆ ಏರುಪೇರಾಗುತ್ತದೆ.

6 ಲಕ್ಷ ಅಂದರೆ ಬೇಜಾರು ಮಾಡಿಕೊಳ್ಳಬೇಕಿಲ್ಲ. ಮೂಳೆಮಜ್ಜೆಯಲ್ಲಿ ಈ ಜಾತಿಯ ಸೆಲ್ ಸಿಗುವುದು ಲಕ್ಷಕ್ಕೆ ಒಂದರಿಂದ ಹತ್ತು. ಆ ಲೆಕ್ಕದಲ್ಲಿ ಕೊಬ್ಬು ಶ್ರೀಮಂತ. ಇರುವುದೇ ಇಷ್ಟು ಚೆನ್ನಾಗಿರುವಾಗ ಉಬ್ಬಿಸಿ ಹೇಳುವುದು ಯಾಕೋ ನನಗೆ ಅರ್ಥವಾಗಿಲ್ಲ.

ಬೆಳೆಸಿದ ಮೇಲೆ ಗುರುತಿನ ಪರೀಕ್ಷೆಯೂ ಆಗಬೇಕು. 2006ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸೆಲ್ಲಿನ ಮೈಮೇಲಿನ ಗುರುತಿನ ಪ್ರೋಟೀನುಗಳಾದ ಸಿಡಿ73, ಸಿಡಿ90, ಸಿಡಿ105 ಈ ಮೂರೂ ನೂರಕ್ಕೆ 95 ಸೆಲ್‌ಗಳಲ್ಲಾದರೂ ಇರಬೇಕು. ಸಿಡಿ34 ಇರಬಾರದು ಅಂತಲೂ ಅದರಲ್ಲಿದೆ. ಕೊಬ್ಬಿನಿಂದ ಆಗಷ್ಟೇ ತೆಗೆದ ಸ್ಟೆಮ್ ಸೆಲ್ಲಿನಲ್ಲಿ ಸಿಡಿ34 ಇದ್ದೇ ಇರುತ್ತದೆ, ಬೆಳೆಸುತ್ತಾ ಹೋದ ಹಾಗೆ ಕಮ್ಮಿಯಾಗುತ್ತದೆ. ಪ್ರತಿ ವರ್ಷ ಯಾರೋ ಒಬ್ಬರು ಪಿಎಚ್‌ಡಿ ವಿದ್ಯಾರ್ಥಿ ಇದನ್ನು ನೋಡಿ ಗಾಬರಿಯಾಗಿ ಮೇಲ್ ಹಾಕುತ್ತಾರೆ. ನಿಮ್ಮ ಸೆಲ್ ಕೆಟ್ಟಿಲ್ಲಪ್ಪ, ಎಸ್‌ವಿಎಫ್ ಬಗ್ಗೆ ಅಂತರರಾಷ್ಟ್ರೀಯ ಸಂಘಗಳು 2013ರಲ್ಲಿ ಕೊಟ್ಟ ಹೇಳಿಕೆಯನ್ನೂ ಓದಿ.

ಕೋಟಿ ಲೆಕ್ಕದಿಂದ ಲ್ಯಾಬಿನೊಳಗೆ ಆಗುವ ನಷ್ಟ ಸಣ್ಣದು. ಹೊರಗೆ ಹಾಗಲ್ಲ. ನಮ್ಮ ಲ್ಯಾಬಿನ ಹುಡುಗಿಯ ದೊಡ್ಡಪ್ಪ ಬ್ಯಾಂಕಿನಿಂದ ರಿಟೈರ್ ಆದವರು, ರಾಜಾಜಿನಗರದವರು. ಮಂಡಿ ನೋವು. ಎರಡು ಕ್ಲಿನಿಕ್ಕಿನ ಬ್ರೋಷರ್ ಹಿಡಿದುಕೊಂಡು ಬಂದಿದ್ದರು. ಒಂದರಲ್ಲಿ 5 ಕೋಟಿ ಸ್ಟೆಮ್ ಸೆಲ್, ಇನ್ನೊಂದರಲ್ಲಿ 8. ಬ್ರೋಷರಿನ ಹಿಂದೆ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಭಾಗಾಕಾರ. "ನೋಡಮ್ಮ, ಕೋಟಿಗೆ ಎಷ್ಟು ಬೀಳುತ್ತೆ ಅಂತ ಹಾಕಿದ್ದೀನಿ. ಎಂಟರದ್ದೇ ಅಗ್ಗ. ಒಂದೇ ದಿನದಲ್ಲಿ ತೆಗೆದು ಅವತ್ತೇ ಚುಚ್ಚಿ ಕಳಿಸ್ತಾರಂತೆ."

"ಸರ್, ಅವತ್ತೇ ಚುಚ್ಚೋದಾದ್ರೆ ಎಂಟು ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಅಂದೆ. ಅವರು ಸ್ವಲ್ಪ ಹೊತ್ತು ಪೆನ್ಸಿಲ್ ಲೆಕ್ಕವನ್ನೇ ನೋಡಿದರು. ಆಡಿಟ್ ಮಾಡಿದವರಲ್ಲವಾ, ಬೇಗ ಹೊಳೆಯಿತು. "ಹಾಗಾದ್ರೆ ಓಚರ್ ಇಲ್ಲದ ಬಿಲ್ ಇದು."

ನಾನು ವೈದ್ಯೆ ಅಲ್ಲ, ಯಾರ ಮಂಡಿಗೆ ಏನು ಮಾಡಬೇಕು ಅಂತ ಹೇಳುವವಳೂ ಅಲ್ಲ. ಅದಕ್ಕೆ ಮೂಳೆ ಡಾಕ್ಟರಿದ್ದಾರೆ. ಜಿಕೆವಿಕೆ ಆವರಣದಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆಂದೇ ಇರುವ ಇನ್‌ಸ್ಟೆಮ್‌ನಂಥ ಸಂಸ್ಥೆ ಇರುವ ಊರಲ್ಲೇ ಕೋಟಿಗಿಷ್ಟು ಅಂತ ರೇಟು ನಡೆಯುತ್ತಿದೆ ಅನ್ನುವುದು ನನ್ನ ಹೊಟ್ಟೆ ಉರಿ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಒಳಗೇ ಆಗಬೇಕು ಅಂತ ಅದು ಹೇಳುತ್ತದೆ. ಟ್ರಯಲ್ ಅಂದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇರುತ್ತದೆ. ಕೋಟಿ ಎಷ್ಟು ಅಂತ ಕೇಳುವ ಬದಲು ಆ ಸಂಖ್ಯೆ ಕೇಳಿ, ಮನೆಗೆ ಬಂದು ವೆಬ್‌ಸೈಟಿನಲ್ಲಿ ಹುಡುಕಿ. ಪುಕ್ಕಟೆ ಕೆಲಸ.

ಡಾಕ್ಟರುಗಳಿಗೆ ಕೊನೆಯದಾಗಿ ಒಂದೆರಡು ಮಾತು. ಡಬ್ಬದ ಮೇಲೆ ಕೊಬ್ಬು ತೆಗೆದ ಹೊತ್ತು ಬರೆಯಿರಿ. ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ಸ್ಯಾಂಪಲ್ ದಾರಿಯಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ನಾವು ಊಹಿಸುವ ಹಾಗೆ ಮಾಡಬೇಡಿ. ಐಸಿನ ಮೇಲೆ ನೇರವಾಗಿ ಇಡಬೇಡಿ. ಶುಕ್ರವಾರ ಸಂಜೆ ಕಳಿಸಲೇಬೇಡಿ. ಮಾರನೇ ದಿನವೋ ಅದರ ಮಾರನೇ ದಿನವೋ ಮೀಡಿಯಾ ಬದಲಿಸಬೇಕು. ಭಾನುವಾರ ಅದಕ್ಕೆಂದು ಬರುವ ಹುಡುಗಿಗೂ ಮನೆ ಇದೆ.