ಕಾರಿನ ಎಸಿಗೆ ಗ್ಯಾಸ್ ತುಂಬಿಸುವ ಮೊದಲು ಈ ಪುಟ್ಟ ಜಾಲರಿ ನೋಡಿ

ಪರದೆಯಲ್ಲಿ 23 ಡಿಗ್ರಿ ಅಂತ ಇದೆ, ಕಾರಿನೊಳಗೆ ಕೂತವರ ಬೆನ್ನು ಮಾತ್ರ ಬೆವರುತ್ತಿದೆ. ಇಲ್ಲವೇ 26ಕ್ಕೆ ಇಟ್ಟರೂ ಹಿಂದಿನ ಸೀಟಿನ ಅಜ್ಜಿ ಶಾಲು ಹೊದೆಯುವಷ್ಟು ಚಳಿ. ಆಟೋಮ್ಯಾಟಿಕ್ ಎಸಿ ಇರುವ ಕಾರಿನಲ್ಲಿ ಹೀಗಾದಾಗ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಗ್ಯಾಸ್ ಕಮ್ಮಿಯಾಗಿರಬೇಕು’. ಅದು ನಿಜವೋ ಅಲ್ಲವೋ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ರೀಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ) ಹಾಕಿ, ಉಷ್ಣತೆಯನ್ನು ‘ಲೋ’ ಎಂದು ಬರುವ ತನಕ ಇಳಿಸಿ. ‘ಲೋ’ನಲ್ಲಿ ಎಸಿ ಯಾವ ಲೆಕ್ಕಾಚಾರವನ್ನೂ ಮಾಡದೆ ಪೂರ್ಣ ತಂಪು ಕೊಡುತ್ತದೆ. ಆಗ ಗಾಳಿ ಚೆನ್ನಾಗಿ ತಣ್ಣಗೆ ಬಂದರೆ ಗ್ಯಾಸ್, ಕಂಪ್ರೆಸರ್ ಎರಡೂ ಬಹುಮಟ್ಟಿಗೆ ಸರಿಯಿವೆ. ತಪ್ಪುತ್ತಿರುವುದು ಲೆಕ್ಕ. ಆ ಲೆಕ್ಕಕ್ಕೆ ಮುಖ್ಯವಾದ ಅಂಕಿ ಕೊಡುವುದು ಕ್ಯಾಬಿನ್ ಟೆಂಪರೇಚರ್ ಸೆನ್ಸರ್. (ಕೆಂಪು-ನೀಲಿ ಗುರುತಿನ ನಾಬ್ ತಿರುಗಿಸುವ ಸಾದಾ ಎಸಿಯಲ್ಲಿ ಸಾಮಾನ್ಯವಾಗಿ ಈ ಸೆನ್ಸರ್ ಇರುವುದಿಲ್ಲ.)

ಸ್ಟಿಯರಿಂಗ್ ಪಕ್ಕದಲ್ಲೋ ಎಸಿ ಗುಂಡಿಗಳ ಬಳಿಯೋ ಬೆರಳಗಲದ ಒಂದು ಜಾಲರಿ ಕಾಣುತ್ತದೆ. ಅದರ ಹಿಂದಿರುವುದು ಥರ್ಮಿಸ್ಟರ್, ಅಂದರೆ ಬಿಸಿಯಾದಷ್ಟೂ ರೋಧ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿಯುವ ಒಂದು ಮಣಿ. ಗಾತ್ರ ಸಾಸಿವೆಯಷ್ಟು. ಬಿಸಿಗೆ ರೋಧ ಇಳಿಯುವ ಈ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡ್‌ನಲ್ಲಿ ಗಮನಿಸಿದ್ದ. ಮಣಿ ಸುಮ್ಮನೆ ಕೂತಿದ್ದರೆ ಅದಕ್ಕೆ ತಿಳಿಯುವುದು ಡ್ಯಾಶ್‌ಬೋರ್ಡಿನ ಬಿಸಿ ಮಾತ್ರ, ನಮ್ಮ ಸುತ್ತಲಿನ ಗಾಳಿಯದ್ದಲ್ಲ. ಹಾಗಾಗಿ ಅದರ ಮೇಲೆ ಕ್ಯಾಬಿನ್ನಿನ ಗಾಳಿಯನ್ನು ಸದಾ ಎಳೆಯುತ್ತಿರಬೇಕು. ಕೆಲವು ಕಾರುಗಳಲ್ಲಿ ಇದಕ್ಕೊಂದು ಪುಟಾಣಿ ಫ್ಯಾನ್ ಇರುತ್ತದೆ. ಬಹಳ ಕಾರುಗಳಲ್ಲಿ ಬ್ಲೋವರ್ (ಎಸಿ ಗಾಳಿಯನ್ನು ಊದುವ ದೊಡ್ಡ ಫ್ಯಾನ್) ಪೆಟ್ಟಿಗೆಗೆ ಜೋಡಿಸಿದ ತೆಳು ಪೈಪೊಂದು, ಬ್ಲೋವರ್ ಗಾಳಿ ರಭಸವಾಗಿ ಹಾಯುವಾಗ ಉಂಟಾಗುವ ಕಡಿಮೆ ಒತ್ತಡದಿಂದ, ಜಾಲರಿಯ ಗಾಳಿಯನ್ನು ಹೀರಿಕೊಳ್ಳುತ್ತದೆ.

ದೋಷ ಹುಡುಕಬೇಕಾದದ್ದು ಮೊದಲು ಇಲ್ಲಿ. ಮಣಿ ತಾನಾಗಿ ಕೆಡುವುದು ಅಪರೂಪ; ಅದಕ್ಕೆ ಗಾಳಿ ತಲುಪದಿರುವುದೇ ಹೆಚ್ಚು. ಬ್ಲೋವರನ್ನು ಜೋರಾಗಿಟ್ಟು, ಟಿಶ್ಯೂ ಕಾಗದದ ಒಂದು ಪದರವನ್ನು ಎರಡು ಬೆರಳಗಲ ಹರಿದು ಜಾಲರಿಗೆ ಹಿಡಿಯಿರಿ. ಅಂಟಿ ನಿಂತರೆ ಗಾಳಿಯ ದಾರಿ ತೆರೆದಿದೆ. ಜಾರಿ ಬಿದ್ದರೆ ಒಂದೋ ಜಾಲರಿಯಲ್ಲಿ ಧೂಳು, ಬಟ್ಟೆಯ ಎಳೆ ಕಟ್ಟಿಕೊಂಡಿದೆ, ಇಲ್ಲವೇ ಹಿಂದಿನ ಪೈಪು ಕಳಚಿದೆ. ಹೊಸ ಸ್ಟೀರಿಯೋ ಕೂರಿಸುವಾಗ ಕೈ ತಗುಲಿ ಪೈಪು ಕಳಚುವುದುಂಟು. ಬಿಸಿಲಲ್ಲಿ ನಿಂತಿದ್ದ ಕಾರಿನ ಡ್ಯಾಶ್‌ಬೋರ್ಡಿನ ಒಡಲು ಕ್ಯಾಬಿನ್ ತಣಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಮಣಿ ಆ ಬಿಸಿಯನ್ನೇ ವರದಿ ಮಾಡುತ್ತದೆ, ಎಸಿ ನಿಲ್ಲದೆ ಕೊರೆಯುತ್ತದೆ. ಅಜ್ಜಿಯ ಶಾಲಿಗೆ ಕಾರಣ ಇದು.

ಇಂಥ ದೋಷಕ್ಕೆ ಗ್ಯಾರೇಜಿನ ಸ್ಕ್ಯಾನರ್‌ನಲ್ಲಿ ಕೋಡ್, ಅಂದರೆ ದೋಷದ ಗುರುತಿನ ಸಂಖ್ಯೆ, ಬರುವುದಿಲ್ಲ. ತಂತಿ ಪೂರ್ತಿ ತುಂಡಾದರೆ ಅಥವಾ ಶಾರ್ಟ್ ಆದರೆ ಮಾತ್ರ ಕೋಡ್ ಬರುತ್ತದೆ. ಟೊಯೋಟಾದಲ್ಲಾದರೆ ಅದು ಬಿ1411. ‘ಸ್ಕ್ಯಾನ್ ಮಾಡಿದೆವು, ಸೆನ್ಸರ್ ಸರಿಯಿದೆ’ ಎಂದರೆ ಅಷ್ಟಕ್ಕೇ ಒಪ್ಪಬೇಡಿ.

ಧೂಳಷ್ಟೇ ಆಗಿದ್ದರೆ ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು, ಮೆತ್ತನೆಯ ಬ್ರಷ್ ಆಡಿಸುತ್ತಾ ಹೊರಗಿಂದಲೇ ಎಳೆಯಬಹುದು. ಗ್ಯಾರೇಜಿನ ಏರ್ ಕಂಪ್ರೆಸರಿನಿಂದ ಗಾಳಿ ಹೊಡೆಯುವುದು ಬೇಡ, ಮಣಿಯ ಕೂದಲೆಳೆಯಂಥ ಕಾಲುಗಳು ಮುರಿಯುತ್ತವೆ.

ಬಿಚ್ಚಲೇಬೇಕಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಕನಿಷ್ಠ ಮೂರು ನಿಮಿಷ ಕಾಯಿರಿ. ಮ್ಯಾನ್ಯುಯಲ್ ಇನ್ನೂ ಹೆಚ್ಚು ಹೇಳಿದ್ದರೆ ಅಷ್ಟು ಹೊತ್ತು. ಕೆಲವು ಕಾರುಗಳಲ್ಲಿ ಜಾಲರಿ ಇರುವ ಪ್ಯಾನೆಲ್ ಹಿಂದೆಯೇ ಮೊಣಕಾಲಿನ ಏರ್‌ಬ್ಯಾಗ್ ಇರುತ್ತದೆ, ಈ ಹಂತ ಬಿಡುವಂತಿಲ್ಲ. ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಬಳಸಿ. ಸ್ಕ್ರೂಡ್ರೈವರ್ ಹಾಕಿದರೆ ಕ್ಲಿಪ್ ಮುರಿದು ಆಮೇಲೆ ಕಟಕಟ ಸದ್ದು ಶುರುವಾಗುತ್ತದೆ.

ಕನೆಕ್ಟರ್ ಕಳಚಿ, ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಸೆನ್ಸರಿನ ಎರಡು ಪಿನ್‌ಗಳ ನಡುವೆ ಅಳೆಯಿರಿ. (ಫ್ಯಾನ್ ಇರುವ ಬಗೆಯಲ್ಲಿ ಪಿನ್ ಹೆಚ್ಚಿರುತ್ತವೆ, ಮಣಿಯ ಎರಡನ್ನು ಗುರುತಿಸಿಕೊಳ್ಳಬೇಕು.) ಎರಡೂ ಪಿನ್‌ಗೆ ಬೆರಳು ತಾಗಬಾರದು, ಮೈಯ ರೋಧವೂ ಸೇರಿಬಿಡುತ್ತದೆ. 10 ಕಿಲೋ ಓಮ್‌ನ ಸಾಮಾನ್ಯ ಮಣಿಯಾದರೆ 25 ಡಿಗ್ರಿಯಲ್ಲಿ 10, 35ರಲ್ಲಿ ಸುಮಾರು 6.5, 50ರಲ್ಲಿ 3.6 ಕಿಲೋ ಓಮ್ ತೋರಿಸಬೇಕು. ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು. ಟೊಯೋಟಾದ ಹಲವು ಮಾದರಿಗಳಲ್ಲಿ 25 ಡಿಗ್ರಿಗೆ ಸುಮಾರು 1.7 ಕಿಲೋ ಓಮ್. ಮಣಿಯ ತುದಿಯನ್ನು ಮೆಲ್ಲಗೆ ಬೆರಳಲ್ಲಿ ಹಿಡಿದರೆ ಅಂಕಿ ಎಲ್ಲೂ ಜಿಗಿಯದೆ, ನಿಧಾನವಾಗಿ ಇಳಿಯುತ್ತಾ ಹೋಗಬೇಕು. ಜಿಗಿದರೆ ಮಣಿ ಬದಲಿಸಿ.

ಮಣಿ ಸರಿಯಿದ್ದೂ ಸೆಖೆ ಹೋಗದಿದ್ದರೆ ಕನೆಕ್ಟರ್ ನೋಡಿ. ಪಿನ್‌ಗೆ ಹಸಿರು ಕಿಲುಬು ಹಿಡಿದು 2 ಕಿಲೋ ಓಮ್ ರೋಧ ಸೇರಿತು ಎಂದುಕೊಳ್ಳಿ. 25 ಡಿಗ್ರಿಯಲ್ಲಿ 10ರ ಬದಲು 12 ಕಾಣುವುದರಿಂದ ಎಸಿ ಅದನ್ನು 21 ಡಿಗ್ರಿ ಎಂದು ಓದುತ್ತದೆ. 35ರಲ್ಲಿ ತಪ್ಪು ಇನ್ನೂ ದೊಡ್ಡದು: 6.5ಕ್ಕೆ 2 ಸೇರಿ 8.5, ಅಂದರೆ ಸುಮಾರು 29 ಡಿಗ್ರಿ. ಸೆಖೆ ಏರಿದಷ್ಟೂ ಎಸಿ ‘ಇನ್ನೇನು ತಂಪಾಯಿತು’ ಎಂದುಕೊಂಡು ಕೈಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಪಿನ್‌ಗಳನ್ನು ಶುಚಿ ಮಾಡುವ ಸ್ಪ್ರೇ) ಸಿಂಪಡಿಸಿ, ಪೂರ್ತಿ ಒಣಗಿಸಿ ಮತ್ತೆ ಕೂರಿಸಿ. ಪೆಟ್ರೋಲ್, ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ.

ಹೊಸ ಸೆನ್ಸರ್ ಕೊಳ್ಳುವುದಾದರೆ ಪಾರ್ಟ್ ನಂಬರ್ ಹೊಂದಿಸಿಯೇ ಕೊಳ್ಳಿ, ಕನೆಕ್ಟರ್ ಕೂರುತ್ತದೆ ಎಂಬುದಷ್ಟೇ ಸಾಲದು. 10 ಕಿಲೋ ಓಮ್‌ನ ಜಾಗಕ್ಕೆ 2.2ರದ್ದು ಹಾಕಿದರೆ 25 ಡಿಗ್ರಿಯ ಕ್ಯಾಬಿನ್ 63 ಡಿಗ್ರಿಯಂತೆ ಕಾಣುತ್ತದೆ, ಎಸಿ ದಿನವಿಡೀ ಪೂರ್ಣ ವೇಗದಲ್ಲಿ ಓಡುತ್ತದೆ.

ಪೈಪನ್ನು ಸೆನ್ಸರಿನ ಹಿಂಬದಿಗೆ ಒತ್ತಿ ಕೂರಿಸಿ, ಸಡಿಲವಿದ್ದರೆ ಒಂದು ಕೇಬಲ್ ಟೈ ಬಿಗಿಯಿರಿ. ಕ್ಲಿಪ್‌ಗಳನ್ನು ಪೂರ್ತಿ ಒತ್ತಿ ಮುಚ್ಚುವ ಮೊದಲೇ ಏರ್‌ಬ್ಯಾಗಿನ ಕನೆಕ್ಟರ್ ಯಾವುದನ್ನಾದರೂ ಕಳಚಿದ್ದರೆ ಅದನ್ನು ಹಾಕಿ, ಆಮೇಲೆ ಬ್ಯಾಟರಿ ಜೋಡಿಸಿ, ಬ್ಲೋವರ್ ಹಾಕಿ, ಅದೇ ಟಿಶ್ಯೂ ಚೂರನ್ನು ಮತ್ತೊಮ್ಮೆ ಜಾಲರಿಗೆ ಹಿಡಿದು ನೋಡಿ.