ಸ್ಪೇನಿನ ಬಿಸಿಲೊಂದೇ ರಾಥ್‌ಸೀಯನ್ನು ಖಾಲಿ ಮಾಡಿತಾ?

ಪ್ರಶ್ನೆ: ಸ್ಕಾಟ್ಲೆಂಡಿನ ಕಡಲತೀರದ ಊರುಗಳಲ್ಲಿ ಒಂದು ಕಾಲಕ್ಕೆ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಈಗ ಬಿಕೋ ಅನ್ನುತ್ತವಂತೆ. ಸ್ಪೇನಿಗೆ ಅಗ್ಗದ ವಿಮಾನ ಬಂದದ್ದೇ ಇದಕ್ಕೆ ಕಾರಣವಾ?

ಉತ್ತರ: ಅದೂ ಒಂದು ಕಾರಣ. ಆದರೆ ಎಲ್ಲವನ್ನೂ ವಿಮಾನದ ತಲೆಗೆ ಕಟ್ಟಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ. ರಾಥ್‌ಸೀ ಊರನ್ನೇ ತೆಗೆದುಕೊಳ್ಳೋಣ. ಇದು ಪಶ್ಚಿಮ ಕರಾವಳಿಯ ಬ್ಯೂಟ್ ದ್ವೀಪದಲ್ಲಿದೆ. ಅಲ್ಲಿಂದ ಸುಮಾರು 3 ಕಿಲೋಮೀಟರ್ ಆಚೆ ಪೋರ್ಟ್ ಬ್ಯಾನಟೈನ್ ಎಂಬ ಹಳ್ಳಿ. ಎರಡೂ ಒಟ್ಟಿಗೇ ಮೇಲೆ ಬಂದವು, ಒಟ್ಟಿಗೇ ಸೊರಗಿದವು.

ಕತೆ ಶುರುವಾಗುವುದು ದೋಣಿಯಿಂದ. 1812ರಲ್ಲಿ ಹೆನ್ರಿ ಬೆಲ್ ಗ್ಲಾಸ್ಗೋ ನಗರದ ಕ್ಲೈಡ್ ನದಿಯಲ್ಲಿ ‘ಕಾಮೆಟ್’ ಎಂಬ ಹಬೆ ಹಡಗು ಓಡಿಸಿದ. ಯುರೋಪಿನಲ್ಲಿ ಟಿಕೆಟ್ ತೆಗೆದುಕೊಂಡು ಜನ ಹತ್ತುವಂಥ ಹಬೆ ಹಡಗು ಅದೇ ಮೊದಲು. ತಮಾಷೆ ಏನು ಗೊತ್ತಾ? ನದಿ ಕಡಲು ಸೇರುವ ಕಡೆ ಹೆಲೆನ್ಸ್‌ಬರೋ ಊರಿನಲ್ಲಿ ಬೆಲ್ ದಂಪತಿಯದೇ ಒಂದು ಹೋಟೆಲ್ ಇತ್ತು. ಗಿರಾಕಿಗಳನ್ನು ಅಲ್ಲಿಗೆ ಕರೆತರುವ ಲೆಕ್ಕವೂ ಆ ಹಡಗಿನ ಹಿಂದೆ ಇತ್ತು. ಅಲ್ಲಿಯವರೆಗೆ ಗಾಳಿ ಬೀಸಿದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಇನ್ನು ಮುಂದೆ ಇಂಥ ಹೊತ್ತಿಗೆ ಹೊರಡುತ್ತದೆ ಎಂದು ಹೇಳಬಹುದಾಯಿತು.

ಮೊದಮೊದಲು ಬಂದವರು ದುಡ್ಡಿದ್ದವರು. 1843ರಲ್ಲಿ ರಾಥ್‌ಸೀಯಲ್ಲಿ ಗ್ಲೆನ್‌ಬರ್ನ್ ಎಂಬ ಜಲಚಿಕಿತ್ಸೆಯ ಹೋಟೆಲ್ ತೆರೆಯಿತು. 1865ರಲ್ಲಿ ಎದುರು ದಡದ ವೀಮ್ಸ್ ಬೇಗೆ ರೈಲು ಬಂತು. ಆಮೇಲೆ ನೋಡಿ, ಗ್ಲಾಸ್ಗೋದ ಕೂಲಿಕಾರರೂ ಬರತೊಡಗಿದರು.

ಅವರು ಬರುತ್ತಿದ್ದ ರೀತಿಯಲ್ಲೇ ನಿಮ್ಮ ಪ್ರಶ್ನೆಯ ಉತ್ತರ ಇದೆ. ಜುಲೈ ತಿಂಗಳ ಎರಡನೇ ಅರ್ಧಕ್ಕೆ ‘ಗ್ಲಾಸ್ಗೋ ಫೇರ್’ ಎಂದು ಹೆಸರು. ಆಗ ಹಡಗು ಕಟ್ಟುವ ಯಾರ್ಡುಗಳು, ಕಾರ್ಖಾನೆಗಳು ಎಲ್ಲಾ ಒಟ್ಟಿಗೇ ಬಾಗಿಲು ಹಾಕುತ್ತಿದ್ದವು. ಬಹಳ ಜನರಿಗೆ ಆ ರಜೆಗೆ ಸಂಬಳವೂ ಇರಲಿಲ್ಲ. ವರ್ಷವಿಡೀ ಪೈಸೆ ಪೈಸೆ ಕೂಡಿಟ್ಟು ಹೊರಡುತ್ತಿದ್ದರು. ಹೀಗೆ ಹೋಗುವುದಕ್ಕೆ ಅವರು ‘ಡೂನ್ ದ ವಾಟರ್’ ಅನ್ನುತ್ತಿದ್ದರು, ಅಂದರೆ ಹೊಳೆಯ ಕೆಳಗಡೆಗೆ. ಟ್ರಂಕಿನಲ್ಲಿ ಹಾಸಿಗೆ ಬಟ್ಟೆ, ತಿನ್ನುವ ಸಾಮಾನು. ಬಾಡಿಗೆಗೆ ಒಂದು ಕೋಣೆ. ಸಾಮಾನು ಇವರದು, ಅಡುಗೆ ಮಾಡಿಕೊಡುವುದು ಮನೆ ಒಡತಿ. ಊರಿನಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಕಳೆಯುವವರಿಗೆ ಇಲ್ಲೂ ಒಂದೇ ಕೋಣೆ. ಆದರೆ ಕಿಟಕಿಯಾಚೆ ಕಡಲು ಇರುತ್ತಿತ್ತು ಅಲ್ವಾ, ಅಷ್ಟು ಸಾಕಿತ್ತು.

ಮೂರು ರೈಲು ಕಂಪನಿಗಳು ಈ ಜನರಿಗಾಗಿ ಜಿದ್ದಿಗೆ ಬಿದ್ದವು. ಮೊದಲು ಪಿಯರ್, ಅಂದರೆ ಹಡಗು ನಿಲ್ಲುವ ಕಟ್ಟೆ, ಮುಟ್ಟಬೇಕೆಂದು ಅವುಗಳ ಹಡಗುಗಳು ರೇಸ್ ಓಡುತ್ತಿದ್ದವು. 1853ರ ಕಾನೂನು ಭಾನುವಾರ ಪಬ್ ಮುಚ್ಚಿಸಿತು, ಆದರೆ ಪ್ರಯಾಣಿಕರಿಗೆ ವಿನಾಯಿತಿ ಇತ್ತು. ಹಾಗಾಗಿ ಸುಮ್ನೆ ಕುಡಿಯೋಕಂತಲೇ ಹಡಗು ಹತ್ತುವವರೂ ಇದ್ದರು! 1882ರಲ್ಲಿ ಆ ಕಿಂಡಿಯನ್ನೂ ಮುಚ್ಚಿದರು.

ಅದೇ 1882ರಲ್ಲಿ ರಾಥ್‌ಸೀಯಿಂದ ಪೋರ್ಟ್ ಬ್ಯಾನಟೈನ್‌ಗೆ ಕುದುರೆ ಟ್ರಾಮ್ ಶುರುವಾಯಿತು. 1902ರಲ್ಲಿ ಅದಕ್ಕೆ ಕರೆಂಟ್ ಬಂತು. ಹಳ್ಳಿಯಲ್ಲೂ ಬಾಡಿಗೆ ಕೋಣೆಗಳು ತುಂಬಿದವು. 1899ರಲ್ಲಿ ಪಿಯರ್ ಮೇಲೆ ಗಂಡಸರಿಗಾಗಿ ಕಟ್ಟಿದ ಶೌಚಾಲಯದಲ್ಲಿ ಅಮೃತಶಿಲೆ, ಬಣ್ಣದ ಟೈಲ್ಸು, ಹೊಳೆಯುವ ಕೊಳವೆ. ಈಗ ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ನನ್ನ ಕೇಳಿದರೆ, ಊರಿಗೆ ಆಗ ಎಷ್ಟು ಧೈರ್ಯ ಇತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಇಳಿಮುಖ ಶುರುವಾದದ್ದು ವಿಮಾನ ಬರುವ ಎಷ್ಟೋ ಮೊದಲೇ. ಬಸ್ಸಿನ ಪೈಪೋಟಿಯಲ್ಲಿ 1936ರಲ್ಲಿ ಟ್ರಾಮ್ ನಿಂತಿತು. ಆದರೂ 1938ರಲ್ಲಿ ಪೆವಿಲಿಯನ್ ಎಂಬ ಹೊಸ ಬಗೆಯ ಡಾನ್ಸ್ ಹಾಲ್ ಎದ್ದಿತು. ಅದೇ ವರ್ಷ ಸಂಬಳ ಸಹಿತ ರಜೆಯ ಕಾನೂನು ಬಂತು. ಯುದ್ಧದಲ್ಲಿ ಪೋರ್ಟ್ ಬ್ಯಾನಟೈನ್‌ನ ದೊಡ್ಡ ಹೋಟೆಲ್ ಪುಟ್ಟ ಜಲಾಂತರ್ಗಾಮಿಗಳ ಸಿಬ್ಬಂದಿಯ ನೆಲೆಯಾಯಿತು. ಯುದ್ಧ ಮುಗಿದ ಮೇಲೆ ಜನ ಮತ್ತೆ ಬಂದರು.

1954ರಲ್ಲಿ ಕ್ಲೈಡ್‌ನಲ್ಲಿ ಕಾರು ಸಾಗಿಸುವ ಫೆರ್ರಿಗಳು ಬಂದವು. ಅಸಲಿ ತಿರುವು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಟ್ರಂಕು ಹೊತ್ತು ಬಂದವನು ಪಿಯರ್ ಹತ್ತಿರವೇ ಉಳಿಯಬೇಕು, ಎರಡು ವಾರ ಅಲ್ಲೇ ಖರ್ಚು ಮಾಡಬೇಕು. ಕಾರಿನವನು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾನೆ. ಇಲ್ಲಾಂದ್ರೆ ದ್ವೀಪಕ್ಕೆ ಬರುವುದನ್ನೇ ಬಿಟ್ಟು ಬೇರೆಲ್ಲಿಗೋ ಓಡಿಸುತ್ತಾನೆ. 1960–70ರ ದಶಕಗಳಲ್ಲಿ ಸ್ಪೇನಿನ ಪ್ಯಾಕೇಜ್ ಪ್ರವಾಸ ಕೈಗೆಟಕಿತು. ರಾಥ್‌ಸೀಯಲ್ಲಿ ಜುಲೈ ತಿಂಗಳಲ್ಲೂ ಮಳೆಗೆ ಕೊಡೆ ಹಿಡಿಯಬೇಕು, ಅಲ್ಲಿ ಬಿಸಿಲು ಗ್ಯಾರಂಟಿ. ಯಾರು ಬೇಡ ಅಂತಾರೆ? ಅದೇ ಹೊತ್ತಿಗೆ ಗ್ಲಾಸ್ಗೋದ ಹಡಗು ಕಟ್ಟುವ ಯಾರ್ಡುಗಳೂ ಒಂದೊಂದಾಗಿ ಮುಚ್ಚಿದವು. ಇಡೀ ನಗರ ಒಂದೇ ದಿನ ರಜೆಗೆ ಹೊರಡುವ ಪದ್ಧತಿಯೇ ಸಡಿಲವಾಯಿತು. ರಾಥ್‌ಸೀ ಬದುಕಿದ್ದು ಆ ಒಟ್ಟಿಗೇ ಬರುವ ಜನರ ಮೇಲೆ.

1974ರಲ್ಲಿ ‘ವೇವರ್ಲಿ’ ಎಂಬ, ನೀರು ತಳ್ಳುವ ಚಕ್ರವಿರುವ ಹಳೇ ಹಬೆ ಹಡಗನ್ನು ಅಭಿಮಾನಿಗಳ ಸಂಘಕ್ಕೆ ಬರೀ 1 ಪೌಂಡಿಗೆ ಕೊಟ್ಟರು. ಅದು ಬೇಸಿಗೆಯಲ್ಲಿ ಈಗಲೂ ರಾಥ್‌ಸೀಗೆ ಬರುತ್ತದೆ. ಪೆವಿಲಿಯನ್ ದುರಸ್ತಿಗೆಂದು 2015ರಲ್ಲಿ ಬಾಗಿಲು ಹಾಕಿತು.

ಯಾವಾಗಲಾದರೂ ಆ ಕಡೆ ಹೋದರೆ ವೀಮ್ಸ್ ಬೇ ಸ್ಟೇಷನ್ನಿನಲ್ಲಿ ಇಳಿಯಿರಿ. ಈಗಿನ ಕಟ್ಟಡ 1903ರದು. ರೈಲಿನಿಂದ ಹಡಗಿಗೆ ಇಳಿಯಲು ಗಾಜಿನ ಮಾಡಿನ ಇಳಿಜಾರು ದಾರಿ ಇದೆ. ಸಾವಿರಾರು ಜನ ನೂಕುನುಗ್ಗಲಿಲ್ಲದೆ ಒಟ್ಟಿಗೇ ಇಳಿಯಲಿ ಎಂದು ಅದನ್ನು ಅಷ್ಟು ಅಗಲ ಮಾಡಿದ್ದರು.