ಒಂದೇ ನೀರಿಗೆ ಮೂರು ಅಂಕ: ಈಜು, ಮೀನು, ಹರಿಗೋಲು

ಕೆರೆಗೋ ನದಿಗೋ ಅಂಕ ಕೊಡಿ ಅಂದ್ರೆ ನಮ್ಮಲ್ಲಿ ಜಾಸ್ತಿ ಜನ ಒಂದೇ ಕೆಲಸ ಮಾಡುತ್ತೇವೆ. ಎಲ್ಲ ಅಳತೆ ಕೂಡಿಸಿ, ಸರಾಸರಿ ತೆಗೆದು, '10ಕ್ಕೆ 7' ಅಂತ ಬರೆದುಬಿಡುತ್ತೇವೆ. ಆದರೆ ಆ 7 ಯಾತಕ್ಕೆ? ಈಜೋಕಾ, ಮೀನು ಹಿಡಿಯೋಕಾ, ಹರಿಗೋಲು ಬಿಡೋಕಾ? ಇದು ನನಗೆ ಪುಸ್ತಕದಲ್ಲಿ ಅರ್ಥ ಆಗಿರಲಿಲ್ಲ. ಗಂಗಾವತಿ ಕಡೆಯ ಒಂದು ಕೆರೆಯಲ್ಲಿ ಹರಿಗೋಲು ಹತ್ತಿದ ಮೇಲೆ ಅರ್ಥ ಆಯ್ತು.

ನಮ್ಮ ಕೈಯಲ್ಲಿದ್ದದ್ದು ಸೆಕ್ಕಿ ತಟ್ಟೆ. 20 ಸೆಂ.ಮೀ. ಅಗಲದ ದುಂಡು ತಟ್ಟೆ, ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಣ್ಣ ಹಚ್ಚಿದ್ದು, ನಡುವೆ ಹಗ್ಗ. 1865ರಲ್ಲಿ ಇಟಲಿಯ ಆಂಜೆಲೋ ಸೆಕ್ಕಿ ಎಂಬ ಪಾದ್ರಿ ವಿಜ್ಞಾನಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಬಿಟ್ಟು ನೀರು ಎಷ್ಟು ತಿಳಿ ಇದೆ ಅಂತ ನೋಡಿದ್ದರು. ಬಳಸೋದು ಸುಲಭ. ಬಿಸಿಲು ಚೆನ್ನಾಗಿರುವ ಹೊತ್ತಲ್ಲಿ ಹರಿಗೋಲಿನ ನೆರಳು ಬೀಳುವ ಕಡೆ ತಟ್ಟೆ ಇಳಿಸಿ. ಕಣ್ಣಿಗೆ ಮರೆಯಾದ ಆಳ ಬರೆದುಕೊಳ್ಳಿ. ಮೆಲ್ಲಗೆ ಎತ್ತಿ, ಮತ್ತೆ ಕಂಡ ಆಳವನ್ನೂ ಬರೆಯಿರಿ. ಎರಡರ ಸರಿ ನಡುವಿನ ಆಳವೇ ನಿಮ್ಮ ಅಳತೆ.

ನಮ್ಮ ತಟ್ಟೆ ಮೊಳ ಆಳ ಇಳಿಯೋದರೊಳಗೆ ಮಾಯ. ನೀರು ಹಸಿರು. ನಾನು ಬೇಜಾರಲ್ಲಿ 'ಈ ಕೆರೆ ಫೇಲ್' ಅಂದೆ. ಹುಟ್ಟು ಹಾಕುತ್ತಿದ್ದ ಅಣ್ಣ ತಕ್ಷಣ ಕೈ ನಿಲ್ಲಿಸಿದರು. 'ಹಂಗ್ಯಾಕ್ ಅಂತೀರಿ? ಈ ಹಸಿರು ಇದ್ರನ ಮೀನು ಬೆಳೀತಾವ್ರೀ. ನೀರು ಗಾಜಿನಂಗ ತಿಳಿ ಆತಂದ್ರ ಮೀನಿಗೆ ಹೊಟ್ಟಿಗೇನೈತಿ?'

ಅವರು ಹೇಳಿದ್ದು ಪೂರ್ತಿ ಸರಿ. ಕಾಟ್ಲಾ, ರೋಹು ಸಾಕುವ ಹೊಂಡಗಳಲ್ಲಿ ತಟ್ಟೆ 30ರಿಂದ 40 ಸೆಂ.ಮೀ.ಗೆ ಮರೆಯಾದರೆ ಒಳ್ಳೆಯದು ಅಂತಾರೆ. ಮೀನಿನ ಮೇವಾದ ಸಣ್ಣ ಪಾಚಿ, ಸಣ್ಣ ಜೀವಿಗಳು ಸಾಕಷ್ಟಿವೆ ಅಂತ ಅದರ ಅರ್ಥ. ಈಜೋ ಜಾಗಕ್ಕೆ ಕೆನಡಾದ ಮಾರ್ಗಸೂಚಿ ಕೇಳೋದು ಕನಿಷ್ಠ 1.2 ಮೀಟರ್. ಮುಳುಗುತ್ತಿರುವವರು ಮೇಲಿನಿಂದ ಕಾಣಬೇಕು, ಇಳಿಯುವವರಿಗೆ ತಳದ ಬಂಡೆ ಕಾಣಬೇಕು, ಅದಕ್ಕೆ. ಒಂದೇ ಅಳತೆ ಮೀನಿಗೆ ಪಾಸು, ಈಜಿಗೆ ಫೇಲು. ಹರಿಗೋಲಿಗೆ ಅದರ ಲೆಕ್ಕವೇ ಬೇಕಿಲ್ಲ. ಇದನ್ನು ಸರಾಸರಿ ಮಾಡಿದರೆ ಏನು ಸಿಗುತ್ತೆ ಹೇಳಿ? ಅದಕ್ಕೇ ಈಜು, ಮೀನು, ಹರಿಗೋಲು ಅಂತ ಮೂರು ಕಾಲಂ ಹಾಕಿ, ಬೇರೆ ಬೇರೆ ಅಂಕ ಕೊಡಿ.

ತಟ್ಟೆಯ ಆಳದಿಂದ ಕೆರೆಯ ಗೊಬ್ಬರದ ಮಟ್ಟ ಅಂದಾಜು ಮಾಡುವ ಸೂತ್ರವೊಂದಿದೆ. 1977ರಲ್ಲಿ ವಿಜ್ಞಾನಿ ರಾಬರ್ಟ್ ಕಾರ್ಲ್‌ಸನ್ ಕೊಟ್ಟದ್ದು. ಬಾಯಿಪಾಠಕ್ಕೆ ಇಷ್ಟು ಸಾಕು: ತಟ್ಟೆ 2 ಮೀಟರ್‌ಗೆ ಮರೆಯಾದರೆ ಸೂಚ್ಯಂಕ 50, 1 ಮೀಟರ್‌ಗೆ 60, ಅರ್ಧ ಮೀಟರ್‌ಗೆ 70. ಆಳ ಅರ್ಧ ಆದಾಗಲೆಲ್ಲ 10 ಏರುತ್ತೆ. ಏರಿದಷ್ಟೂ ಪಾಚಿ ಜಾಸ್ತಿ.

ಇಲ್ಲೊಂದು ಎಚ್ಚರ ಬೇಕು. ಈ ಸೂತ್ರ ನೀರು ಮಬ್ಬಾಗೋದು ಪಾಚಿಯಿಂದಲೇ ಅಂತ ನಂಬಿಕೊಂಡಿದೆ. ನಮ್ಮದು ಎರೆಮಣ್ಣಿನ ಸೀಮೆ. ಒಂದು ಮಳೆ ಬಂದರೆ ಸಾಕು, ನೀರು ಕೆಸರಾಗಿ ಸೂಚ್ಯಂಕ ಸುಳ್ಳು ಹೇಳುತ್ತೆ. ಅದಕ್ಕೆ ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಮಣ್ಣಾದರೆ ತಳಕ್ಕೆ ಕೂರೋಕೆ ಶುರುವಾಗುತ್ತೆ (ಎರೆಮಣ್ಣಿನ ನುಣ್ಣನೆ ಪುಡಿಗೆ ಜಾಸ್ತಿ ಹೊತ್ತು ಬೇಕು). ಹಸಿರು ಪದರ ಮೇಲಕ್ಕೆ ತೇಲಿ ಬಂದರೆ ಅದು ಬಹುಶಃ ನೀಲಿ-ಹಸಿರು ಪಾಚಿ. ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ, ನೀರು ಕುದಿಸಿದರೂ ಆ ವಿಷ ಹೋಗಲ್ಲ. ಭತ್ತದ ಗದ್ದೆಯ ಗೊಬ್ಬರ ಕೊಚ್ಚಿಕೊಂಡು ಬರುವ ಕಡೆ ಇದು ಬೆಳೆಯೋದು ಸಹಜ. ದಡದಲ್ಲಿ ಬಣ್ಣ ಚೆಲ್ಲಿದಂಥ ಕೆನೆ ಕಂಡರೆ ಈಜಿನ ಕಾಲಂನಲ್ಲಿ ಸೊನ್ನೆ ಬರೆಯಿರಿ, ದನಕ್ಕೂ ಕುಡಿಸಬೇಡಿ ಅಂತ ಅಲ್ಲಿದ್ದವರಿಗೆ ಹೇಳಿ ಬನ್ನಿ. ನಮ್ಮ ಬಾಟಲಿಯಲ್ಲಿ ಬೆಳಿಗ್ಗೆ ಬೆರಳಗಲ ಹಸಿರು ಪದರ ತೇಲಿತ್ತು. ತೂಬಿನ ಹತ್ತಿರ ದಿನಾ ಈಜುವ ಹುಡುಗರು ನೆನಪಾಗಿ ಅವತ್ತೇ ವಾಪಸ್ ಹೋಗಿ ಹೇಳಿದೆವು.

ಈಜಿಗೆ ಕಣ್ಣಿಗೆ ಕಾಣದ ಅಳತೆಯೂ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಲ್ಲಿ ಮಲದ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ 100 ಮಿ.ಲೀ.ಗೆ 500 ಒಳಗಿದ್ದರೆ ಒಳ್ಳೆಯದು, 2,500 ದಾಟಲೇಬಾರದು. ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ ಅಥವಾ ಜಾಸ್ತಿ, ಬಿಒಡಿ (ನೀರಿನ ಕೊಳೆ ಕೊಳೆಯೋಕೆ ಬೇಕಾಗುವ ಆಮ್ಲಜನಕ) 3 ಅಥವಾ ಕಡಿಮೆ, ಪಿಎಚ್ 6.5ರಿಂದ 8.5. ಈಗ ಒಂದು ಲೆಕ್ಕ ಮಾಡೋಣ. ಆಮ್ಲಜನಕ, ಬಿಒಡಿ, ಪಿಎಚ್ ಮೂರೂ ಚೆನ್ನಾಗಿವೆ, ಕೋಲಿಫಾರ್ಮ್ ಮಾತ್ರ 3,000 ಇದೆ ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ ನೀರು ಜಾಣ ವಿದ್ಯಾರ್ಥಿಯ ಹಾಗೆ ಕಾಣುತ್ತೆ. ಮಗು ಒಂದು ಗುಟುಕು ನುಂಗಿದರೆ ವಾಂತಿ-ಭೇದಿ ಆಗಬಹುದು. ಹಾಗಾಗಿ ಪ್ರತಿ ಕಾಲಂನಲ್ಲೂ ಅತಿ ಕೆಟ್ಟ ಅಳತೆ ಯಾವುದೋ, ಅದರ ಅಂಕವೇ ಕೊನೆಯ ಅಂಕ. ಹಾಗೆಯೇ ಕೃಷ್ಣೆ, ತುಂಗಭದ್ರೆಯಲ್ಲಿ ಮೊಸಳೆ ಇವೆ. ಮೊಸಳೆ ಕಂಡ ಮಡುವಿಗೆ ಪ್ರಯೋಗಾಲಯದ ವರದಿ ಎಷ್ಟೇ ಚೆನ್ನಾಗಿದ್ದರೂ ಈಜಿಗೆ ಸೊನ್ನೆ.

ಮೀನಿನ ಕಾಲಂಗೆ ಅದೇ ಮಂಡಳಿ ಆಮ್ಲಜನಕ ಕನಿಷ್ಠ 4 ಮಿ.ಗ್ರಾಂ ಇರಲಿ ಅನ್ನುತ್ತೆ. ಯಾವ ಹೊತ್ತಲ್ಲಿ ಅಳೆದಿರಿ ಅನ್ನೋದು ಇಲ್ಲಿ ಬಹಳ ಮುಖ್ಯ. ಹಗಲು ಪಾಚಿ ಆಮ್ಲಜನಕ ಬಿಡುತ್ತೆ. ರಾತ್ರಿ ಬರೀ ಉಸಿರಾಡುತ್ತೆ, ಇದ್ದದ್ದನ್ನೂ ಎಳೆದುಕೊಳ್ಳುತ್ತೆ. ಅದಕ್ಕೇ ಸೂರ್ಯ ಹುಟ್ಟೋ ಮುಂಚೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಮಧ್ಯಾಹ್ನ 3ಕ್ಕೆ ಅಳೆದು 'ಭರ್ಜರಿ' ಅಂತ ಬರೆದ ಕೆರೆಯಲ್ಲೇ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿರಬಹುದು. ಬೇಸಿಗೆಯಲ್ಲಿ ಇನ್ನೂ ಕಷ್ಟ. 20 ಡಿಗ್ರಿ ನೀರು ಸುಮಾರು 9 ಮಿ.ಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು 7.5 ಮಾತ್ರ.

ಹರಿಗೋಲಿಗೆ ಗಾಳಿ ಮತ್ತು ಸೆಳವು ಮುಖ್ಯ. ಅದರ ತಳ ಚಪ್ಪಟೆ, ಮೊಳಕಾಲುದ್ದ ನೀರಲ್ಲೂ ಹೋಗುತ್ತೆ. ಆದರೆ ಗಾಳಿ ಬೀಸಿದ ಕಡೆ ತಿರುಗುತ್ತೆ. ಸೆಳವು ತಿಳಿಯೋಕೆ ದಡದಲ್ಲಿ 10 ಮೀಟರ್ ಅಳೆದು ಒಣ ಕಡ್ಡಿ ತೇಲಿಬಿಡಿ. 10 ಸೆಕೆಂಡಲ್ಲಿ ದಾಟಿದರೆ ಸೆಕೆಂಡಿಗೆ 1 ಮೀಟರ್. ಅದರ ಎದುರು ಮಾಮೂಲಿ ಈಜುಗಾರನಿಗೆ ಇದ್ದಲ್ಲೇ ಇರೋದೂ ಕಷ್ಟ. ಆನೆಗೊಂದಿ ಕಡೆ ನೀರೊಳಗಿನ ಬಂಡೆಗಳ ಲೆಕ್ಕ ಬೇರೆ. ಅದನ್ನು ಅಲ್ಲಿನ ಅಂಬಿಗರನ್ನೇ ಕೇಳಬೇಕು.

ನದಿಯಾದರೆ ಮೇಲಿನ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಮೊದಲು ನೋಡಿ. 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. 50,000 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 14 ಲಕ್ಷ ಲೀಟರ್! ನಮ್ಮ ಜನರಿಗೆ ಇದಕ್ಕೆ ಬೇರೆಯೇ ಮಾಪಕಗಳಿವೆ. ಹಂಪಿಯ ಪುರಂದರ ಮಂಟಪ ಮುಳುಗಿತಾ, ಕಂಪ್ಲಿ ಸೇತುವೆ ಮೇಲೆ ನೀರು ಬಂತಾ, ನದಿ ನಡುವಿನ ನವವೃಂದಾವನಕ್ಕೆ ದಾರಿ ಕಟ್ಟಾಯ್ತಾ ಅಂತ ಕೇಳುತ್ತಾರೆ. ಇವನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಅಂಕದ ಪಕ್ಕ ತಾರೀಖಿನ ಜೊತೆ ಗಂಟೆಯನ್ನೂ ಹಾಕಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಅವತ್ತು ಸಂಜೆ ಕೆಳಗಿನ ನದಿಗೆ ಯಾರಾದರೂ ಅಂಕ ಕೊಟ್ಟಿದ್ದರೆ, ಬೆಳಗಾಗುವಷ್ಟರಲ್ಲಿ ಅದು ಬೇರೆ ನದಿಯ ಅಂಕವಾಗಿರುತ್ತಿತ್ತು.